ಗಾಳಿಗೆ ಅಡ್ಡ ನಿಂತ ವಿದೋಸಾವ

ಚಾಚಾಕಿನಿಂದ ಇವಾನ್ಯಿತ್ಸಾಗೆ ಹೋಗುವ ಬಸ್ಸಿನಲ್ಲಿ ವಿದೋಸಾವ ಕಂಡಕ್ಟರಾಗಿದ್ದ ಕಾಲದಲ್ಲಿ ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿ ಬಚಾವಾದವರಿದ್ದರು, ಕೋಟಿನೊಳಗೆ ಕೋಳಿ ಅಡಗಿಸಿಕೊಂಡು ಬಂದು ಬಚಾವಾದವರೂ ಇದ್ದರು. ಆದರೆ ಎದುರುಬದುರು ಎರಡು ಕಿಟಕಿ ತೆರೆದು ಬಚಾವಾದವನು ಒಬ್ಬನೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕಿಟಕಿಯ ಗಾಜು ಕಿರ್ರೆಂದರೆ ಸಾಕು, ಮುಂದಿನ ಬಾಗಿಲ ಹತ್ತಿರ ಚಿಲ್ಲರೆ ಎಣಿಸುತ್ತಿದ್ದ ಅವಳ ಕಿವಿ ನೆಟ್ಟಗಾಗುತ್ತಿತ್ತು.

"ಯಾರದು ಗಾಳಿ ಬಿಡ್ತಿರೋದು? ಮುಚ್ಚು ಕಿಟಕಿ! ಸಾಯೋ ಆಸೆ ಇದ್ರೆ ನಿಮ್ಮನೇಲಿ ಸಾಯಿ, ನನ್ನ ಬಸ್ಸಲ್ಲಿ ಬೇಡ!"

ಹೀಗೆ ಒಂದು ಕಿಟಕಿಯಿಂದ ನುಗ್ಗಿ ಇನ್ನೊಂದರಿಂದ ಹೊರಬೀಳುವ ಗಾಳಿಗೆ ನಮ್ಮ ಕಡೆ ಪ್ರೊಮಾಯಾ ಎನ್ನುತ್ತಾರೆ. ಕುತ್ತಿಗೆ ಹಿಡಿದುಕೊಂಡರೆ ಅದರಿಂದ, ಸೊಂಟ ಬಿದ್ದರೆ ಅದರಿಂದ, ಸೊಸೆಗೆ ಮಕ್ಕಳಾಗಲಿಲ್ಲವೆಂದರೂ ಅದರಿಂದಲೇ. ಅದರಲ್ಲೂ ತಲೆ ಒದ್ದೆಯಿರುವಾಗ ಆ ಗಾಳಿ ಸೋಕಿತೆಂದರೆ ಮಿದುಳಿಗೇ ಉರಿಯೂತ. ವಿದೋಸಾವಳಿಗೆ ಇದನ್ನು ಅವಳಮ್ಮ ಹೇಳಿದ್ದಳು, ಅವಳಿಗೆ ಅವಳಮ್ಮ ಹೇಳಿದ್ದಳು. ಆ ಮನೆತನದಲ್ಲಿ ಯಾರೂ ಮಿದುಳಿನ ಉರಿಯೂತದಿಂದ ಸತ್ತಿರಲಿಲ್ಲ. ಅದೇ ಅವಳಿಗೆ ಸಾಕ್ಷಿ.

ತಿಹೋಮಿರ್ ಸಿಕ್ಕಿದ್ದೂ ಕಿಟಕಿಯ ಜಗಳದಲ್ಲೇ. ಅವನು ದನದ ಡಾಕ್ಟರ ಸಹಾಯಕ. ಬೆಳಗಿನಿಂದ ಊರೂರು ಸುತ್ತಿ, ಹಸುಗಳ ಹೆರಿಗೆ ಮಾಡಿಸಿ, ಸಂಜೆ ಅವಳ ಬಸ್ಸು ಹತ್ತುತ್ತಿದ್ದ. ಅವನ ಜತೆ ಕೊಟ್ಟಿಗೆಯೂ ಹತ್ತುತ್ತಿತ್ತು. ಅವನು ಕೂತ ಕೂಡಲೇ ಸುತ್ತಲಿನವರೆಲ್ಲ ಕಿಟಕಿಗೆ ಕೈ ಹಾಕುತ್ತಿದ್ದರು. "ಮುಚ್ಚಿಸ್ತೀಯಲ್ಲ ತಾಯಿ, ಈ ನಾತಕ್ಕೆ ನಾವು ಉಳೀತೀವಾ?" ಎಂದು ಒಬ್ಬ ಮುದುಕಿ ಅತ್ತೇಬಿಟ್ಟಳು. ಮಾರನೆಯ ಸಂಜೆ ವಿದೋಸಾವ ಅವನ ಕೈಗೆ ಟಿಕೆಟ್ಟಿನ ಜತೆ ಒಂದು ಸೋಪು ತುರುಕಿದಳು.

"ನಾಳೆಯಿಂದ ಇದ್ರಲ್ಲಿ ತೊಳ್ಕೊಂಡು ಹತ್ತು."

ತಿಹೋಮಿರ್ ಮಾತು ಕೇಳುವ ಹುಡುಗ. ಮರುದಿನ ಯಾರದೋ ಬಾವಿಕಟ್ಟೆಯಲ್ಲಿ ತಲೆಯಿಂದ ಕಾಲಿನವರೆಗೆ ಮಿಂದು, ಕೂದಲಿನಿಂದ ತೊಟತೊಟ ನೀರಿಳಿಸುತ್ತ, ಹಲ್ಲು ಕಿರಿಯುತ್ತ ಬಸ್ಸು ಹತ್ತಿದ. ಅದು ನವೆಂಬರ್ ತಿಂಗಳು.

"ಅಯ್ಯೋ ಪಾಪಿ, ಒದ್ದೆ ತಲೆ!" ಎಂದು ವಿದೋಸಾವ ಕಿರುಚಿದ ಸದ್ದಿಗೆ ಡ್ರೈವರು ಬ್ರೇಕು ಒತ್ತಿದ. ಅವಳು ತನ್ನ ಕುತ್ತಿಗೆಯ ಉಣ್ಣೆ ಶಾಲು ಕಿತ್ತು ಅವನ ತಲೆಗೆ ಬಿಗಿದು ಗಂಟು ಹಾಕಿದಳು. ಇಡೀ ಬಸ್ಸು ನೋಡುತ್ತಿತ್ತು. ಅಷ್ಟು ಜನರೆದುರು ಒಬ್ಬನ ತಲೆ ಕಟ್ಟಿದ ಮೇಲೆ ಮದುವೆಯಾಗದೆ ಬೇರೆ ದಾರಿಯಿರಲಿಲ್ಲ.

ಸಂಸಾರ ಚೆನ್ನಾಗಿಯೇ ನಡೆಯಿತು. ಅವನು ಕಿಟಕಿ ತೆರೆಯುವನು, ಇವಳು ಮುಚ್ಚುವಳು. ಬೇಸಿಗೆಯಲ್ಲಿ ಅವನು ಮೊರಾವಾ ಹೊಳೆಯಲ್ಲಿ ಈಜಿ ಒದ್ದೆ ತಲೆಯಲ್ಲೇ ಸೈಕಲ್ಲು ತುಳಿದು ಬರುವನು, ಇವಳು ಟವೆಲ್ಲು ಹಿಡಿದು ಗೇಟಿನಲ್ಲಿ ಕಾದು ಬೈಯುವಳು. "ಒಂದಿನ ನಿನ್ನ ಮಿದುಳು ಬೆಂದು ಹೋಗತ್ತೆ ನೋಡ್ತಿರು!" ಮಗಳು ನೆವೆನ್ಕಾ ಹುಟ್ಟಿದಳು, ಬೆಳೆದಳು, ಚಪ್ಪಲಿ ಅಂಗಡಿಯಲ್ಲಿ ಕೆಲಸ ಹಿಡಿದು ಸೇತುವೆಯಾಚೆ ಮನೆ ಮಾಡಿಕೊಂಡಳು. ತನ್ನ ಮನೆಯ ಕಿಟಕಿಗಳನ್ನೆಲ್ಲ ತೆರೆದೇ ಇಟ್ಟಳು.

ತಿಹೋಮಿರನಿಗೆ ಎಪ್ಪತ್ತು ದಾಟಿದ ಮೇಲೆ ಮರೆವು ಶುರುವಾಯಿತು. ಕಾಫಿಗೆ ಉಪ್ಪು ಹಾಕಿದ. ಬ್ರೆಡ್ಡು ತರಲು ಹೋಗಿ ಬೇರೆಯವರ ನಾಯಿ ಹಿಡಿದುಕೊಂಡು ಬಂದ. ನಾಯಿಯೂ ಸಂತೋಷವಾಗಿಯೇ ಬಂದಿತ್ತು, ಅದನ್ನು ವಾಪಸು ಕಳಿಸುವುದೇ ದೊಡ್ಡ ಪಾಡಾಯಿತು. ತೀರಿಹೋದ ತನ್ನ ಅಣ್ಣ ಊಟಕ್ಕೆ ಬರುತ್ತಾನೋ ಎಂದು ಒಂದೇ ಮಧ್ಯಾಹ್ನ ಮತ್ತೆಮತ್ತೆ ಕೇಳಿದ. ಮೊದಲ ಸಲ ವಿದೋಸಾವ ಗದರಿದಳು, ಆಮೇಲೆ ಸಮಾಧಾನ ಹೇಳಿದಳು, ಕೊನೆಗೆ "ಬರ್ತಾನೆ, ತಡ ಆಗತ್ತಂತೆ" ಎಂದುಬಿಟ್ಟಳು. ಆ ಮಾತು ಬಾಯಿಂದ ಬಂದಾಗ ಅವಳಿಗೇ ಭಯವಾಯಿತು.

ನೆವೆನ್ಕಾ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಳು. ನರರೋಗ ನೋಡುವ ಡಾಕ್ಟರ್ ತಿಯಾನಾ ನೆವೆನ್ಕಾಳಿಗಿಂತ ಚಿಕ್ಕವಳು, ತೆಳ್ಳಗೆ, ಮೆಲುದನಿ. ಗಡಿಯಾರ ಬರೆಸಿದಳು, ತಲೆಯ ಚಿತ್ರ ತೆಗೆಸಿದಳು, ಕಡೆಗೊಂದು ದಿನ ಕೂರಿಸಿಕೊಂಡು ಇದು ಆಲ್ಝೈಮರ್ ಎಂದಳು. ನೆವೆನ್ಕಾ ಕರ್ಚೀಫು ತೆಗೆದಳು. ವಿದೋಸಾವ ಕೈಚೀಲವನ್ನು ತೊಡೆಯ ಮೇಲೆ ಇನ್ನಷ್ಟು ಗಟ್ಟಿ ಹಿಡಿದು ಕೇಳಿದಳು:

"ಯಾಕೆ ಬಂತು?"

"ಪೂರ್ತಿ ಕಾರಣ ಇನ್ನೂ ಯಾರಿಗೂ ಗೊತ್ತಿಲ್ಲಮ್ಮ. ಮಿದುಳಲ್ಲಿ ಒಂಥರಾ ಕಸ ಕಟ್ಕೊಳ್ಳತ್ತೆ. ಅದರ ಜೊತೆಗೆ ಉರಿಯೂತಾನೂ ಇರತ್ತೆ."

ವಿದೋಸಾವ ಕುರ್ಚಿಯಿಂದ ಎದ್ದಳು.

"ಏನಂದ್ರಿ?"

"ಉರಿಯೂತ. ಮಿದುಳಲ್ಲಿ."

"ಇನ್ನೊಂದ್ಸಲ ಹೇಳಿ ಡಾಕ್ಟ್ರೇ, ಸ್ವಲ್ಪ ಜೋರಾಗಿ. ನನ್ನ ಮಗಳಿಗೆ ಆ ಕಡೆ ಕಿವಿ ಕೇಳಲ್ಲ."

"ನಂಗೆ ಎರಡೂ ಕಿವಿ ಕೇಳತ್ತೆ ಅಮ್ಮ, ಕೂತ್ಕೋ," ಎಂದಳು ನೆವೆನ್ಕಾ.

"ಈ ಮನುಷ್ಯ ಮೊರಾವಾದಲ್ಲಿ ಮುಳುಗೆದ್ದು ಒದ್ದೆ ತಲೇಲಿ ಸೈಕಲ್ ತುಳೀತಿದ್ದ! ನಾನು ಬಡ್ಕೊಂಡೆ! ನೀವೆಲ್ಲ ನಕ್ರಿ!"

ತಿಹೋಮಿರ್ ತಲೆಯಾಡಿಸಿ, "ನೀರು ಚೆನ್ನಾಗಿರ್ತಿತ್ತು," ಎಂದ.

ಡಾಕ್ಟರ್ ತಿಯಾನಾ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಮಿದುಳಿನಲ್ಲಿ ಕಾವಲು ಕಾಯುವ ಜೀವಕೋಶಗಳಿರುತ್ತವೆ. ಕಸ ಗುಡಿಸುವುದೂ ಅವೇ, ರೋಗಾಣು ಬಂದರೆ ಹೊಡೆದಾಡುವುದೂ ಅವೇ. ಒಳ್ಳೆಯ ಕೆಲಸದವು. ಆದರೆ ಈ ಕಾಯಿಲೆಯಲ್ಲಿ ಕಸ ಕಂಡು ಕೆರಳಿದವು ಮತ್ತೆ ತಣ್ಣಗಾಗುವುದಿಲ್ಲ. ಕಸದ ಜತೆ ಅಕ್ಕಪಕ್ಕದ ಆರೋಗ್ಯವಾದ ಕೋಶಗಳನ್ನೂ ಕೆಡಿಸಿಹಾಕುತ್ತವೆ.

ವಿದೋಸಾವ ಯೋಚಿಸಿ, "ಹಾಗಾದ್ರೆ ಚೆಕಿಂಗ್ ಇನ್‌ಸ್ಪೆಕ್ಟರ್‌ಗಳು," ಎಂದಳು. "ಟಿಕೆಟ್ ಇಲ್ದೋನನ್ನ ಹಿಡಿಯೋಕೆ ಅಂತ ಹತ್ತಿ, ಟಿಕೆಟ್ ಇದ್ದೋರನ್ನೂ ಇಳಿಸ್ತಾರೆ."

"ಹೆಚ್ಚುಕಮ್ಮಿ ಹಾಗೇ."

"ಕೊನೆಗೆ ಡ್ರೈವರನ್ನೂ ಇಳಿಸ್ತಾರೆ."

ನೆವೆನ್ಕಾ ಕರ್ಚೀಫನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಡಾಕ್ಟರು, "ಆದ್ರೆ ಇದು ಗಾಳಿಯಿಂದ ಬರೋದಲ್ಲ, ಒದ್ದೆ ತಲೆಯಿಂದಾನೂ ಅಲ್ಲ," ಎಂದಳು. ಅಷ್ಟರಲ್ಲಿ ವಿದೋಸಾವ ಗಂಡನ ಟೋಪಿ ಸರಿಮಾಡುತ್ತಿದ್ದಳು. ಆ ಮಾತು ಅವಳ ಕಿವಿಗೆ ಬೀಳಲೇ ಇಲ್ಲ.

ಬೀದಿಗೆಲ್ಲ ಸುದ್ದಿಯಾಯಿತು. ದುಃಖದ ಸುದ್ದಿಯೇ, ಆದರೆ ಅವಳು ಹೇಳುವ ರೀತಿಯಲ್ಲಿ ಎಲ್ಲೋ ಒಂದು ಕಡೆ ಗೆದ್ದವಳ ದನಿ ಇಣುಕುತ್ತಿತ್ತು. ಮೇಲಿನ ಮಹಡಿಯ ಜಾಗೋರ್ಕಾ ಮೆಟ್ಟಿಲಲ್ಲಿ ಸಿಕ್ಕಿ, "ಪಾಪ, ನಿನ್ನ ಗಂಡನಿಗೆ ಹೀಗಾಯ್ತಂತೆ?" ಎಂದರೆ ಇವಳು, "ಉರಿಯೂತ! ಡಾಕ್ಟ್ರ ಬಾಯಲ್ಲೇ ಬಂತು!" ಎನ್ನುವಳು. ಜುಲೈ ಬಂತು. ಚಾಚಾಕಿನ ಡಾಂಬರು ಚಪ್ಪಲಿಗಂಟುವ ಸೆಕೆ. ವಿದೋಸಾವ ಕಿಟಕಿಯ ಸಂದುಗಳಿಗೆಲ್ಲ ಟೇಪು ಮೆತ್ತಿದಳು, ಬಾಗಿಲ ಕೆಳಗೆ ಕಂಬಳಿ ಸುರುಳಿ ಇಟ್ಟಳು, ಗಂಡನ ತಲೆಗೆ ಉಣ್ಣೆ ಟೋಪಿ ಏರಿಸಿದಳು. ಟೋಪಿಯೊಳಗೆ ಎಲೆಕೋಸಿನ ಎಲೆ. ನೋವಿಗೆ, ಊತಕ್ಕೆ ಎಲೆಕೋಸು ಕಟ್ಟುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ, ಆದರೆ ತಲೆಗೆ ಕಟ್ಟಿದವಳು ಇವಳೊಬ್ಬಳೇ.

ತಿಹೋಮಿರನಿಗೆ ಅದರಿಂದ ತೊಂದರೆಯಾಗಲಿಲ್ಲ. ಅವಳು ಅತ್ತ ತಿರುಗಿದಾಗ ಎಲೆ ತೆಗೆದು ತಿನ್ನುತ್ತಿದ್ದ. ಕಿಟಕಿಯ ಟೇಪನ್ನು ಕಿತ್ತು, ಗಾಜು ತೆರೆದು, ಮೂಗು ಹೊರಗಿಟ್ಟು, ಎಂಥ ಒಳ್ಳೆಯ ಗಾಳಿ ಎನ್ನುತ್ತಿದ್ದ. ಅವಳು ಓಡಿಬಂದು ಮುಚ್ಚಿ ಬೈದರೆ, ಬೈಸಿಕೊಂಡದ್ದು ಮರೆತು ಮತ್ತೆ ತೆರೆಯುತ್ತಿದ್ದ. ಇಷ್ಟು ವರ್ಷ ಜಗಳದಲ್ಲಿ ಸಮಸಮವಾಗಿದ್ದವರಲ್ಲಿ ಈಗ ಅವನದೇ ಮೇಲುಗೈ. ಅವನಿಗೆ ಪ್ರತಿಸಲವೂ ಹೊಸ ಹುರುಪು, ಅವಳಿಗೆ ಮಾತ್ರ ಸುಸ್ತು.

ನೆವೆನ್ಕಾ ಒಂದು ದಿನ ಒಳಗೆ ಕಾಲಿಟ್ಟವಳೇ ಅಪ್ಪನ ಕೆಂಪಡರಿದ ಮುಖ ನೋಡಿ ಡಾಕ್ಟರಿಗೆ ಫೋನು ಹಚ್ಚಿ ಅಮ್ಮನ ಕಿವಿಗಿಟ್ಟಳು. ಮೆಲುದನಿಯ ತಿಯಾನಾ ಆವತ್ತು ಮೆಲ್ಲಗೆ ಮಾತಾಡಲಿಲ್ಲ. "ವಿದೋಸಾವಾ ಅವ್ರೇ, ಅವರನ್ನ ಬೇಯಿಸ್ತಿದೀರಾ? ಟೋಪಿ ತೆಗೀರಿ, ನೀರು ಕುಡಿಸಿ, ಕಿಟಕಿ ತೆಗೀರಿ!"

"ಎಷ್ಟು ಕಿಟಕಿ?"

"ಎಲ್ಲಾ!"

ವಿದೋಸಾವ ಒಂದನ್ನು ತೆಗೆದಳು. ಉಣ್ಣೆ ಟೋಪಿ ಹೋಗಿ ಹತ್ತಿಯ ಟೋಪಿ ಬಂತು.

ಆಗಸ್ಟಿನಲ್ಲಿ ತಿಹೋಮಿರನಿಗೆ ಏನೋ ಆಯಿತು. ನಿನ್ನೆ ಮೊನ್ನೆಯವರೆಗೆ ಬಟ್ಟೆ ತಾನೇ ಹಾಕಿಕೊಂಡು, ಪೇಪರು ತಲೆಕೆಳಗಾಗಿ ಹಿಡಿದಾದರೂ ಓದುತ್ತಿದ್ದವನು, ಒಂದು ಬೆಳಗ್ಗೆ ಊಟದ ಮೇಜಿನ ಕೆಳಗೆ ತೂರಿಕೊಂಡು ಅಂಗಿಯ ತೋಳು ಮಡಿಚಿದ.

"ಕರು ಅಡ್ಡ ಬಂದಿದೆ," ಎಂದ. "ಹಗ್ಗ ತಾ. ಬಿಸಿನೀರು ತಾ. ಏನ್ ನೋಡ್ತಾ ನಿಂತಿದೀಯ?"

ಏನು ಮಾಡಬೇಕೆಂದು ತೋಚದೆ ವಿದೋಸಾವ ಬಿಸಿನೀರು ತಂದಳು. ಹಗ್ಗ ಸಿಗದೆ ಬಟ್ಟೆ ಒಣಹಾಕುವ ದಾರ ಬಿಚ್ಚಿ ತಂದಳು. ಇಬ್ಬರೂ ಮೇಜಿನ ಕೆಳಗೆ ಕೂತು ಕುರ್ಚಿಯ ಕಾಲಿಗೆ ದಾರ ಕಟ್ಟಿ ಎಳೆದರು. "ಮೆಲ್ಲಗೆ, ಮೆಲ್ಲಗೆ, ತಾಯಿಗೆ ನೋವಾಗತ್ತೆ," ಎಂದು ಅವನು ಕುರ್ಚಿಯ ಬೆನ್ನು ಸವರಿದ. ಆಮೇಲೆ ಬೆವರೊರೆಸಿಕೊಂಡು, ಅವಳನ್ನು ಬಹಳ ಮರ್ಯಾದೆಯಿಂದ ನೋಡಿ ಕೇಳಿದ:

"ನೀವು ಯಾರ ಮನೆಯೋರಮ್ಮ? ಯಜಮಾನರನ್ನ ಸ್ವಲ್ಪ ಕರೀರಿ, ಕೈ ತೊಳ್ಕೋಬೇಕು."

ವಿದೋಸಾವ ಅಡುಗೆಮನೆಗೆ ಹೋಗಿ ಒಲೆಯ ಕಡೆ ಮುಖಮಾಡಿ ನಿಂತಳು. ಒಲೆಯ ಮೇಲೆ ಏನೂ ಇರಲಿಲ್ಲ.

"ಕಾಯಿಲೆ ಮುಂದುವರಿದಿದೆ ಅಮ್ಮ, ಇನ್ನು ಹೀಗೇ," ಎಂದಳು ನೆವೆನ್ಕಾ. ಆದರೆ ಡಾಕ್ಟರ್ ತಿಯಾನಾ ಹಾಗೆನ್ನಲಿಲ್ಲ. ಆಲ್ಝೈಮರ್ ಮೆಟ್ಟಿಲಿಳಿದ ಹಾಗೆ ಇಳಿಯತ್ತೆ, ಮಹಡಿಯಿಂದ ಹಾರಲ್ಲ, ಹೀಗೆ ದಿಢೀರಂತ ಆದ್ರೆ ಮೈಯಲ್ಲಿ ಎಲ್ಲೋ ಸೋಂಕಿರಬೇಕು ಎಂದಳು. ರಕ್ತ ತೆಗೆಸಿದಳು. ಸೋಂಕು ಇದ್ದೇ ಇತ್ತು. ಮೂತ್ರ ನೋಡಿದರು, ಸರಿಯಿತ್ತು. ಎದೆ ನೋಡಿದರು, ಅದೂ ಸರಿ. ಬಾಯಿ ನೋಡಲು ಹೋದ ನರ್ಸಿನ ಬೆರಳನ್ನು ತಿಹೋಮಿರ್ ಕಚ್ಚಿದ.

"ಮೈಯಲ್ಲಿ ಎಲ್ಲೇ ಕೀವಾದ್ರೂ ಸುದ್ದಿ ಮಿದುಳಿಗೆ ಹೋಗತ್ತೆ," ಎಂದಳು ತಿಯಾನಾ. "ನಿಮ್ಮ ಆ ಇನ್‌ಸ್ಪೆಕ್ಟರ್‌ಗಳು ಮೊದಲೇ ಕೆರಳಿದಾರಲ್ಲ, ಇನ್ನೂ ಕೆರಳ್ತಾರೆ. ಹಲ್ಲಿನ ಡಾಕ್ಟ್ರಿಗೆ ಇವತ್ತೇ ತೋರಿಸಿ."

"ಹಲ್ಲಲ್ಲ ಡಾಕ್ಟ್ರೇ. ನೀವು ತೆಗೀರಿ ಅಂದಿದ್ರಲ್ಲ, ಆ ಕಿಟಕಿ."

"ಹಲ್ಲು, ವಿದೋಸಾವಾ ಅವ್ರೇ. ಹಲ್ಲು!"

ಆಗಸ್ಟಿನಲ್ಲಿ ಅರ್ಧ ಚಾಚಾಕು ರಜೆಗೆಂದು ಸಮುದ್ರದ ದಂಡೆಯಲ್ಲಿರುತ್ತದೆ, ಹಲ್ಲಿನ ಡಾಕ್ಟರುಗಳಂತೂ ಪೂರ್ತಿ. ನೆವೆನ್ಕಾ ಫೋನು ಮಾಡಿ ಮಾಡಿ ಸೋತಳು. ಊರಲ್ಲಿ ಉಳಿದಿದ್ದವನು ಒಬ್ಬನೇ, ಪಕ್ಕದ ಬೀದಿಯ ವುಕಾಶಿನ್. ಆ ಹೆಸರು ಕೇಳಿ ವಿದೋಸಾವ ಮುಖ ತಿರುಗಿಸಿದಳು. ಅವನ ಚಿಕಿತ್ಸಾಲಯದಲ್ಲಿ ಹಿಂದೊಂದು ಮುಂದೊಂದು ಕಿಟಕಿ ಹಗಲೆಲ್ಲ ತೆರೆದಿರುತ್ತಿದ್ದವು, ಹಿಮ ಬಿದ್ದಾಗಲೂ. ಒಂದು ಕಾಲದಲ್ಲಿ, ಅವನಿನ್ನೂ ವಿದ್ಯಾರ್ಥಿಯಾಗಿದ್ದಾಗ, ಬಸ್ಸಿನ ಕಿಟಕಿ ಮುಚ್ಚಲಾರೆನೆಂದು ಹಟ ಹಿಡಿದದ್ದಕ್ಕೆ ಅವಳು ಅವನನ್ನು ಸ್ಟಾಪಿಲ್ಲದ ಜಾಗದಲ್ಲಿ, ಮೊಣಕಾಲುದ್ದ ಹಿಮದಲ್ಲಿ ಇಳಿಸಿದ್ದಳು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ತನಗೆ ಹಲ್ಲುನೋವು ಬಂದರೆ ಅವಳು ಬಸ್ಸು ಹತ್ತಿ ಕ್ರಾಲ್ಯೆವೊಗೆ ಹೋಗುತ್ತಿದ್ದಳು.

"ಅಪ್ಪನ್ನ ಈ ಸ್ಥಿತೀಲಿ ಕ್ರಾಲ್ಯೆವೊಗೆ ಕರ್ಕೊಂಡ್ ಹೋಗ್ತೀಯಾ?" ಎಂದಳು ನೆವೆನ್ಕಾ. "ದಾರೀಲಿ ಬಸ್ಸಿನೋರೆಲ್ಲರ ಹೆರಿಗೆ ಮಾಡಿಸ್ತಾರೆ."

ಕೊನೆಗೆ ವುಕಾಶಿನ್ ಹತ್ತಿರವೇ ಹೋದರು. ಬಾಗಿಲು ತೆರೆದರೆ ಪರದೆಗಳು ಬಾವುಟದ ಹಾಗೆ ಹಾರುತ್ತಿವೆ. ವಿದೋಸಾವ ಹೊಸ್ತಿಲಲ್ಲೇ ನಿಂತಳು.

"ಒಂದು ಕಿಟಕಿ ಮುಚ್ಚಿ."

ಮೀಸೆ ಬೆಳ್ಳಗಾಗಿದ್ದ ವುಕಾಶಿನ್ ಕನ್ನಡಕದ ಮೇಲಿಂದ ನೋಡಿದ. "ಓಹೋ! ಇದು ನಿಮ್ಮ ಬಸ್ಸಲ್ಲ ಅಮ್ಮಾ. ಇಲ್ಲಿ ಕಂಡಕ್ಟರ್ ನಾನು."

"ನನ್ನ ಗಂಡನಿಗೆ ಮಿದುಳಲ್ಲಿ ಉರಿಯೂತ ಇದೆ."

"ಮುಚ್ಚಿದ್ರೆ ಈ ಸೆಕೇಲಿ ಅವ್ರು ಮೂರ್ಛೆ ಹೋಗ್ತಾರೆ. ಇಲ್ಲಾಂದ್ರೆ ನಾನು ಹೋಗ್ತೀನಿ, ಕೈಲಿ ಇಕ್ಕಳ ಹಿಡ್ಕೊಂಡು. ಯಾವ್ದು ಬೇಕು?"

ವಿದೋಸಾವ ಗಂಡನ ಟೋಪಿ ಮೇಲೆತ್ತಿ ನೋಡಿದಳು. ಅವನ ದವಡೆಯ ಒಂದು ಪಕ್ಕ ಊದಿತ್ತು. ಹತ್ತಿಯ ಟೋಪಿಯನ್ನು ಅವಳು ಅಷ್ಟು ಕೆಳಗೆ ಎಳೆದು ಕಟ್ಟುತ್ತಿದ್ದುದರಿಂದ ಇಷ್ಟು ದಿನ ಕಂಡಿರಲಿಲ್ಲ. ಅವಳು ಒಳಗೆ ಬಂದು, ಅವನನ್ನು ಕುರ್ಚಿಯಲ್ಲಿ ಕೂರಿಸಿ, ಗಾಳಿ ನುಗ್ಗುವ ಕಿಟಕಿಗೂ ಅವನ ತಲೆಗೂ ನಡುವೆ ಕಿಟಕಿಗೆ ಬೆನ್ನು ಕೊಟ್ಟು ನಿಂತಳು. ಕೊಡೆ ಬಿಚ್ಚಿದಳು. ಇನ್ನೊಂದು ಕೈಯಲ್ಲಿ ಲಂಗವನ್ನು ಅಗಲಿಸಿ ಹಿಡಿದಳು. ದಪ್ಪ ಹೆಂಗಸು, ಒಳ್ಳೆಯ ಅಡ್ಡವೇ ಆಯಿತು.

"ಶುರು ಮಾಡಿ," ಎಂದಳು.

ಆದರೆ ತಿಹೋಮಿರ್ ಬಾಯಿ ಬಿಡಲೊಲ್ಲ. ನೆವೆನ್ಕಾ ಗೋಗರೆದಳು, ವಿದೋಸಾವ ಕೊಡೆಯ ಹಿಂದಿನಿಂದ ಬೈದಳು. ಅವನು ತುಟಿ ಬಿಗಿದು ಚಾವಣಿ ನೋಡುತ್ತಿದ್ದ. ವುಕಾಶಿನ್ ಮೀಸೆ ತಿರುವಿದ. ಈ ಮನುಷ್ಯ ದನದ ಡಾಕ್ಟರ ಸಹಾಯಕನಾಗಿದ್ದದ್ದು ಊರಿಗೆಲ್ಲ ಗೊತ್ತು. ವುಕಾಶಿನ್ ಇಕ್ಕಳ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಕೂತು, ಸುಮ್ಮನೆ ಹರಟೆಗೆ ಬಂದವನ ಹಾಗೆ ಕೇಳಿದ:

"ಒಂದು ಅನುಮಾನ ಇತ್ತು ನೋಡಿ. ನಾನೊಂದು ಕುದುರೆ ತಗೋಬೇಕು. ವಯಸ್ಸು ಕಮ್ಮಿ ಅಂತಾನೆ ಮಾರೋನು. ನಂಬೋದು ಹೇಗೆ?"

ತಿಹೋಮಿರನ ಕಣ್ಣು ಹೊಳೆಯಿತು. "ಅವನ ಮಾತು ಕಟ್ಕೊಂಡು ಏನ್ ಮಾಡ್ತೀರಿ? ಹಲ್ಲು ನೋಡಿ."

"ಯಾವ ಹಲ್ಲು?"

"ಇದು," ಎಂದು ತಿಹೋಮಿರ್ ಬಾಯಿ ಅಗಲಿಸಿ, ಬೆರಳಿಟ್ಟು ತೋರಿಸಿದ. "ಹಿಂದ್ಗಡೆದೂ ನೋಡ್ಬೇಕು. ಆಆ!"

"ಇನ್ನೂ ಹಿಂದೆ?"

"ಆಆಆ!"

ಹಿಂದಿನ ದವಡೆಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ವುಕಾಶಿನ್ ಮಾತಾಡುತ್ತಲೇ ಮರಗಟ್ಟಿಸುವ ಸೂಜಿ ಚುಚ್ಚಿದ, ಕುದುರೆಯ ಗೊರಸಿನ ಬಗ್ಗೆ ಕೇಳುತ್ತಲೇ ಹಲ್ಲು ಕಿತ್ತ. ತಿಹೋಮಿರ್ ಒಮ್ಮೆ ಮಾತ್ರ ನರಳಿ, ಬಾಯಿ ತುಂಬ ಹತ್ತಿಯಿದ್ದರೂ ಎಚ್ಚರಿಸಿದ: "ಹಿಂಗಾಲು ಕಟ್ಟಿ ಡಾಕ್ಟ್ರೇ, ಒದೀತದೆ."

ಹೊರಡುವಾಗ ವಿದೋಸಾವ ಕೊಡೆ ಮಡಚಿ, ನೆಲ ನೋಡುತ್ತ, "ಅವತ್ತು ಹಿಮ ಸ್ವಲ್ಪ ಜಾಸ್ತಿನೇ ಇತ್ತು," ಎಂದಳು.

"ಸೊಂಟದವರೆಗೆ ಇತ್ತು," ಎಂದ ವುಕಾಶಿನ್.

"ಮೊಣಕಾಲುದ್ದ!"

ಮರುದಿನ ಬೆಳಗ್ಗೆ ಅವಳ ಕುತ್ತಿಗೆ ಹಿಡಿದುಕೊಂಡಿತ್ತು. ಎಡಕ್ಕೂ ತಿರುಗದು, ಬಲಕ್ಕೂ ತಿರುಗದು. ನೋವಿನಲ್ಲೂ ಅವಳಿಗೆ ಅದೆಂಥ ತೃಪ್ತಿ! ಇಡೀ ಮೈ ತಿರುಗಿಸಿಕೊಂಡು ಜಾಗೋರ್ಕಾಳ ಮನೆಗೆ ಹತ್ತಿ, "ನೋಡಿದ್ಯಾ? ನನಗೇ ಹೀಗಾದ್ರೆ ಅವನ ತಲೆಗೆ ಹೊಡೆದಿದ್ರೆ ಏನಾಗ್ತಿತ್ತು!" ಎಂದು ತೋರಿಸಿ ಬಂದಳು.

ತಿಹೋಮಿರ್ ಮಾತ್ರೆ ನುಂಗಿದ, ನಿದ್ದೆ ಮಾಡಿದ. ಕರುಗಳು ಒಂದೊಂದಾಗಿ ಮನೆ ಬಿಟ್ಟು ಹೋದವು. ವಾರ ಕಳೆದಿರಬಹುದು, ಅವಳು ಕಾಫಿ ಸೋಸುತ್ತಿದ್ದಾಗ ಹಿಂದಿನಿಂದ ದನಿ ಬಂತು:

"ವಿದಾ, ನಿನ್ನ ಕುತ್ತಿಗೆ ಯಾಕೆ ಗೂಟದ ಹಾಗಿದೆ?"

ವಿದಾ ಎಂದು ಕರೆಯುವವನು ಅವನೊಬ್ಬನೇ. ತಿರುಗಿ ನೋಡೋಣವೆಂದರೆ ಕುತ್ತಿಗೆ ಕೇಳದು. ಅವಳು ಗೋಡೆಯ ಕಡೆಗೇ ಮುಖಮಾಡಿ ಅತ್ತಳು. ಅಳುತ್ತಲೇ ಬೈದಳು: "ನಿನ್ನಿಂದ ಕಣೋ, ಹಾಳಾದೋನೇ! ಸಕ್ಕರೆ ಎಷ್ಟು?"

ಅದು ವಾಸಿಯಾಗುವ ಕಾಯಿಲೆಯಲ್ಲ, ಡಾಕ್ಟರ್ ತಿಯಾನಾ ಅದನ್ನು ಮುಚ್ಚಿಡಲೂ ಇಲ್ಲ. ಹಲ್ಲಿನಿಂದ ಬಂದದ್ದು ಹಲ್ಲಿನ ಜತೆ ಹೋಯಿತು, ಉಳಿದದ್ದು ಉಳಿಯಿತು. ಆಮೇಲೆ ಕೆಲವು ಚಳಿಗಾಲಗಳನ್ನು ತಿಹೋಮಿರ್ ಕಳೆದ. ಮೊದಲು ಬೂಟಿನ ದಾರ ಕಟ್ಟುವುದು ಮರೆಯಿತು, ಆಮೇಲೆ ಚಮಚ ಹಿಡಿಯುವುದು, ಕಡೆಕಡೆಗೆ ಹೆಸರುಗಳು. ವಿದೋಸಾವ ಅವನ ಬಾಯಿಯನ್ನು ದಿನವೂ ತಾನೇ ತೊಳೆದಳು. ಮೂತ್ರ ಉರಿಯುತ್ತಿದೆಯೇ, ಕಾಲಿನಲ್ಲಿ ಗಾಯವಿದೆಯೇ, ಕೆಮ್ಮಿದೆಯೇ ಎಂದು ಹುಡುಕುತ್ತಿದ್ದಳು. ಎಲ್ಲಾದರೂ ಸ್ವಲ್ಪ ಕೆಂಪಾದರೂ ಡಾಕ್ಟರಿಗೆ ಫೋನು. ಹಾಗೆ ಎರಡು ಸಲ ಸಮಯಕ್ಕೆ ಸರಿಯಾಗಿ ಔಷಧಿ ಸಿಕ್ಕಿತು, ಒಂದು ಸಲ ಮಾತ್ರ ಅದು ಬೀಟ್‌ರೂಟಿನ ಕಲೆಯಾಗಿತ್ತು. ವುಕಾಶಿನ್ ಭಾನುವಾರಗಳಂದು ಬಂದು ತಿಹೋಮಿರನ ಹಲ್ಲು ನೋಡಿ, ಒಂದು ಗುಟುಕು ರಾಕಿಯಾ ಸಾರಾಯಿ ಕುಡಿದು, ಗಾಳಿಯ ವಿಷಯಕ್ಕೆ ಜಗಳವಾಡಿ ಹೋಗುತ್ತಿದ್ದ.

ಒಂದು ಮಾರ್ಚಿನಲ್ಲಿ ತಿಹೋಮಿರ್ ನ್ಯುಮೋನಿಯಾ ಬಂದು ಮನೆಯಲ್ಲೇ ತೀರಿಕೊಂಡ. ಮಗಳು ಒಂದು ಕೈ ಹಿಡಿದಿದ್ದಳು, ಹೆಂಡತಿ ಒಂದು ಕೈ.

ಮರೆವಿನ ರೋಗಿಗಳ ಮನೆಯವರು ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಸೇರುತ್ತಾರೆ. ಗಂಡ ಹೋದ ಮೇಲೂ ವಿದೋಸಾವ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಮನೆಯಲ್ಲಿ ಬೇಯಿಸಿದ ದೊಡ್ಡ ರೊಟ್ಟಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಾಳೆ. ಯಾರಾದರೂ, "ನಮ್ಮಮ್ಮ ಎರಡು ದಿನದಿಂದ ಗೋಡೆ ಜೊತೆ ಮಾತಾಡ್ತಿದಾರೆ," ಎಂದರೆ ಡಾಕ್ಟರ್ ತಿಯಾನಾ ಬಾಯಿ ತೆರೆಯುವ ಮೊದಲೇ ಇವಳು, "ಬಾಯಿ ನೋಡಿದ್ರಾ? ಮೂತ್ರ ನೋಡಿಸಿದ್ರಾ? ನೀರು ಕುಡೀತಾರಾ?" ಎನ್ನುತ್ತಾಳೆ. ತಿಯಾನಾ ಸುಮ್ಮನೆ ತಲೆಯಾಡಿಸುತ್ತಾಳೆ. ಮಾತು ಒದ್ದೆ ಕೂದಲಿನ ಕಡೆ ಹೊರಳಿದಾಗ ಮಾತ್ರ ಕೆಮ್ಮುತ್ತಾಳೆ.

ಕಳೆದ ಸಲ ಹೊಸಬಳೊಬ್ಬಳು ಬಂದಿದ್ದಳು. ಲುಚಾನಿಯ ಕಡೆಯ ಹೆಂಗಸು, ಗಂಡನಿಗೆ ಈಗಷ್ಟೇ ಕಾಯಿಲೆ ಗೊತ್ತಾಗಿತ್ತು. ಕೋಟು ಕೂಡ ಬಿಚ್ಚದೆ ಮೂಲೆಯಲ್ಲಿ ಕೂತಿದ್ದವಳು, ಎಲ್ಲರೂ ಏಳುವ ಹೊತ್ತಿಗೆ ವಿದೋಸಾವಳ ಹತ್ತಿರ ಬಂದು ಕೇಳಿದಳು:

"ಹೋಗ್ತಾ ಹೋಗ್ತಾ ಸುಲಭ ಆಗತ್ತಾ ಅಕ್ಕಾ?"

ವಿದೋಸಾವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಇಲ್ಲ ಕಣಮ್ಮ," ಎಂದಳು. "ರೊಟ್ಟಿ ತಗೋ. ಇನ್ನೂ ಬಿಸಿಯಿದೆ."